ನಾಲ್ಕನೇ ಫಾತಿಮಾ

ಹೋದ ಬೇಸಿಗೆಯಲ್ಲಿ ಗದಗಿನ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಕಂಕುಳಲ್ಲಿ ಕೂಸು, ಹೆಗಲಿಗೆ ಚೀಲ, ಮುಖದ ತುಂಬ ನಗು. ನನಗೆ ಗುರುತು ಹತ್ತಲಿಲ್ಲ. ಆಕೆಯೇ ಹೇಳಿದಳು: "ಅಕ್ಕಾರ, ಮರ್ತರೇನ್ರಿ? ನಾ ನಾಲ್ಕನೇ ಫಾತಿಮಾ ರೀ."

ಹತ್ತೊಂಬತ್ತು ವರ್ಷದ ಹಿಂದಿನ ಎಂಟನೇ ತರಗತಿ 'ಬಿ' ವಿಭಾಗ ಕಣ್ಣ ಮುಂದೆ ಬಂತು. ಆ ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ಐವರು ಫಾತಿಮಾ ಇದ್ದರು. ಫಾತಿಮಾಬಿ, ನೂರ್ ಫಾತಿಮಾ, ಕನೀಜ್ ಫಾತಿಮಾ, ಫಾತಿಮಾ ಜೊಹರಾ, ಇನ್ನೊಬ್ಬಳು ಹಿಂದೆ ಮುಂದೆ ಏನೂ ಇಲ್ಲದ ಬರಿಯ ಫಾತಿಮಾ. ಅರವತ್ತೆರಡು ಮಕ್ಕಳ ಹೆಸರು ಕೂಗುವ ಅವಸರದಲ್ಲಿ ನಾನು ಅವರಿಗೆ ನಂಬರು ಕೊಟ್ಟೆ. ಫಾತಿಮಾ ಒಂದು, ಫಾತಿಮಾ ಎರಡು, ಫಾತಿಮಾ ಮೂರು. ಮಕ್ಕಳು ನಗುತ್ತ ಒಪ್ಪಿಕೊಂಡರು. ವರ್ಷವಿಡೀ "ಹಾಜರ್ ರೀ ಅಕ್ಕಾರ" ಎಂದು ಆ ನಂಬರಿಗೇ ಓಗೊಟ್ಟರು. ಇಷ್ಟು ವರ್ಷ ಕಳೆದ ಮೇಲೆ ಮದುವೆಯಾಗಿ, ಊರು ಬದಲಿಸಿ, ತಾಯಿಯಾದ ಹೆಣ್ಣುಮಗಳು ತನ್ನ ಗುರುತಿಗೆ ಆ ನಂಬರನ್ನೇ ಹೇಳಿದಳು. ಪ್ರೀತಿಯಿಂದಲೇ ಹೇಳಿದಳು. ನನ್ನ ಗಂಟಲು ಕಟ್ಟಿತು.

ಕೂಸು ಒಂದೇ ಸಮ ಅಳುತ್ತಿತ್ತು. "ಹಾಲು ಬಿಡಸಾಕ ಹತ್ತೇನ್ರಿ. ಬೇವಿನ ಎಲಿ ಅರದು ಹಚ್ಚೇನಿ, ಅದಕ ನನ್ ಮ್ಯಾಲೆ ಸಿಟ್ಟು" ಎಂದು ಅದರ ಬೆನ್ನು ಸವರಿದಳು. ರೋಣದ ಬಸ್ಸು ಬಂತು, ಹತ್ತಿ ಹೋದಳು. ಐವರಲ್ಲಿ ಆಕೆ ನೂರ್ ಫಾತಿಮಾಳೋ ಫಾತಿಮಾ ಜೊಹರಾಳೋ ಎಂದು ಕೇಳಬೇಕೆಂಬುದು ಬಸ್ಸು ತಿರುವು ದಾಟಿದ ಮೇಲೆ ನನಗೆ ಹೊಳೆಯಿತು.

ನಮ್ಮ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ ಹಿರಿಯ ಮೇಷ್ಟ್ರೊಬ್ಬರು ಈಗ ನಮ್ಮ ಓಣಿಯಲ್ಲೇ ಇದ್ದಾರೆ. ಮನೆಗೆ ಬಂದವಳೇ ಅವರಲ್ಲಿಗೆ ಹೋಗಿ ಫಾತಿಮಾ ಅಂದರೆ ಏನರ್ಥ ಎಂದು ಕೇಳಿದೆ. ಮೂವತ್ತು ವರ್ಷ ಆ ಹೆಸರನ್ನು ದಿನವೂ ಕೂಗಿದವಳು ಅರ್ಥ ಕೇಳಿದ್ದು ಅದೇ ಮೊದಲು. ಅರಬಿಯಲ್ಲಿ 'ಫ-ತ-ಮ' ಎಂಬ ಮೂರು ಅಕ್ಷರದ ಧಾತುವಿಗೆ ಕೂಸಿಗೆ ಹಾಲು ಬಿಡಿಸುವುದು ಎಂಬರ್ಥವಂತೆ. 'ಫಿತಾಮ್' ಎಂದರೆ ಹಾಲು ಬಿಡಿಸುವ ಕ್ರಿಯೆ. ಫಾತಿಮಾ ಎಂದರೆ ಹಾಲು ಬಿಡಿಸುವವಳು. ಮೇಷ್ಟ್ರು ಇಷ್ಟು ಹೇಳಿ ಸುಮ್ಮನಾದರು. ನನಗೆ ಬಸ್ ನಿಲ್ದಾಣದ ಬೇವಿನ ಕಹಿ ನೆನಪಾಯಿತು.

ಯೋಚಿಸಿದಷ್ಟೂ ಆ ಹೆಸರು ನನಗೆ ದೊಡ್ಡದಾಗಿ ಕಂಡಿತು. ಹಡೆಯುವುದಕ್ಕೆ ಹೆಸರುಂಟು, ಹಾಲೂಡುವುದಕ್ಕೆ ಹಾಡುಂಟು. ಹಾಲು ಬಿಡಿಸುವ ಕೆಲಸವನ್ನು ಯಾರೂ ಹೊಗಳುವುದಿಲ್ಲ. ಎರಡು ಮೂರು ರಾತ್ರಿ ನಿದ್ದೆಗೆಟ್ಟು, ತನ್ನ ಎದೆಯ ನೋವನ್ನೂ ಕೂಸಿನ ಸಿಟ್ಟನ್ನೂ ಒಟ್ಟಿಗೆ ಸಹಿಸಿ, ಅದನ್ನು ತನ್ನಿಂದ ಬಿಡಿಸಿ ಅನ್ನದ ಕಡೆಗೆ, ಲೋಕದ ಕಡೆಗೆ ದಾಟಿಸುವ ಕೆಲಸ ಅದು. ಅರಬರು ಅದನ್ನು ಹೆಣ್ಣುಮಕ್ಕಳ ಹೆಸರಾಗಿ ಇಟ್ಟುಕೊಂಡರು. ಅದೂ ಇಸ್ಲಾಮಿಗಿಂತ ಮೊದಲೇ. ಪ್ರವಾದಿ ಮುಹಮ್ಮದರ ತಂದೆಯ ತಾಯಿಯ ಹೆಸರೂ ಫಾತಿಮಾ, ಅಮ್ರ್ ಎಂಬವರ ಮಗಳು.

ಆ ದಿನ ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದರು. ಈ ಬರಹ ಹುಟ್ಟಿದ್ದು ಅದರಿಂದ. ಅರಬಿಯಲ್ಲಿ ಫಾತಿಮಾ ಎಂಬುದಕ್ಕೆ ಬಹುವಚನ ಉಂಟು: ಫವಾತಿಮ್. ಫಾತಿಮಾಗಳು. ದೂಮಾ ಎಂಬ ಊರಿನ ದೊರೆ ಉಕೈದಿರ್ ಪ್ರವಾದಿಯವರಿಗೆ ಒಂದು ರೇಷ್ಮೆಯ ಉಡುಪನ್ನು ಕಾಣಿಕೆ ಕಳಿಸಿದ. ಇಸ್ಲಾಮಿನಲ್ಲಿ ಗಂಡಸರು ರೇಷ್ಮೆ ಉಡಕೂಡದು. ಪ್ರವಾದಿಯವರು ಅದನ್ನು ಅಳಿಯ ಅಲಿಯವರ ಕೈಗಿತ್ತು, ಇದನ್ನು ಹರಿದು ಫಾತಿಮಾಗಳಿಗೆ ತಲೆವಸ್ತ್ರವಾಗಿ ಹಂಚು ಎಂದರು. ಪ್ರವಾದಿಯವರ ನಡೆನುಡಿಗಳನ್ನು ದಾಖಲಿಸಿದ ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ ಈ ಪ್ರಸಂಗ ಇದೆ. ಯಾವ ಯಾವ ಫಾತಿಮಾ ಎಂದು ಅಲ್ಲಿ ಹೇಳಿಲ್ಲ. ಆ ಮನೆಯವರಿಗೆ ಹೇಳುವ ಅಗತ್ಯವೂ ಇರಲಿಲ್ಲವೇನೋ.

ಮುಂದಿನ ವಿದ್ವಾಂಸರು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಒಂದೊಂದು ತುಂಡು ಯಾರ ತಲೆಯ ಮೇಲೆ ಹೋಯಿತೆಂದು ಕೂತು ವಿಚಾರಿಸಿದರು. ಹದಿಮೂರನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಇಮಾಮ್ ನವವಿ ಹಿಂದಿನವರ ಮಾತುಗಳನ್ನೆಲ್ಲ ಒಟ್ಟುಮಾಡಿ ಕೊಡುತ್ತಾರೆ. ಮೊದಲ ಫಾತಿಮಾ ಪ್ರವಾದಿಯವರ ಮಗಳು, ಅಲಿಯವರ ಹೆಂಡತಿ. ಎರಡನೆಯವರು ಅಸದ್ ಮಗಳು ಫಾತಿಮಾ, ಅಲಿಯವರ ತಾಯಿ. ಮೂರನೆಯವರು ಉಹುದ್ ಯುದ್ಧದಲ್ಲಿ ಮಡಿದ ಹಂಝಾ ಅವರ ಮಗಳು ಫಾತಿಮಾ. ತುಂಡುಗಳು ನಾಲ್ಕು ಎಂದು ಹೇಳುವ ಇನ್ನೊಂದು ಪಾಠವಿದೆ. ಹಾಗಾದರೆ ನಾಲ್ಕನೆಯವರು ಯಾರು? ಅಲಿಯವರ ಅಣ್ಣ ಅಕೀಲರ ಹೆಂಡತಿ, ಶೈಬಾ ಮಗಳು ಫಾತಿಮಾ ಇರಬೇಕು ಎಂದವರು ಹನ್ನೆರಡನೇ ಶತಮಾನದ ಕಾಜಿ ಇಯಾಜ್.

ಐದುನೂರು ವರ್ಷ ಕಳೆದ ಮೇಲೆ, ಒಂದು ಬಟ್ಟೆಯ ತುಂಡಿಗಾಗಿ, ನಾಲ್ಕನೇ ಫಾತಿಮಾ ಯಾರೆಂದು ಒಬ್ಬ ಪಂಡಿತ ಹುಡುಕಿದ. ನಾನು ನನ್ನ ನಾಲ್ಕನೇ ಫಾತಿಮಾಳನ್ನು ಎದುರಿಗೇ ನಿಲ್ಲಿಸಿಕೊಂಡು ಕೇಳಲಿಲ್ಲ. ಆ ಬೇಸಿಗೆಯಿಂದ ನಾನು ಫಾತಿಮಾಗಳನ್ನು ಹುಡುಕಿ ಓದತೊಡಗಿದೆ.

ಆ ಬಟ್ಟೆಯ ಎರಡನೇ ತುಂಡಿನ ಒಡತಿ ನನಗೆ ಬಹಳ ಹತ್ತಿರದವರಾಗಿ ಕಂಡರು. ಮುಹಮ್ಮದರು ಹುಟ್ಟುವ ಮೊದಲೇ ತಂದೆಯಿಲ್ಲ, ಆರನೇ ವಯಸ್ಸಿಗೆ ತಾಯಿ ಹೋದರು, ಎಂಟಕ್ಕೆ ಅಜ್ಜ ಹೋದರು. ದೊಡ್ಡಪ್ಪ ಅಬೂ ತಾಲಿಬರ ಮನೆ ಸೇರಿದ ಆ ಅನಾಥ ಹುಡುಗನಿಗೆ ಉಣ್ಣಿಸಿ ಬೆಳೆಸಿದವರು ಈ ಫಾತಿಮಾ. ಅವರು ತೀರಿಕೊಂಡಾಗ ಪ್ರವಾದಿಯವರು ತಮ್ಮ ಅಂಗಿಯನ್ನೇ ಕಫನಿಗೆ ಕೊಟ್ಟು, ಮಣ್ಣು ಮಾಡುವ ಮೊದಲು ತಾವೇ ಗೋರಿಯೊಳಗೆ ಇಳಿದು ಒಂದು ಗಳಿಗೆ ಮಲಗಿದರೆಂದು ಪರಂಪರೆ ಹೇಳುತ್ತದೆ.

ಮಗಳು ಫಾತಿಮಾ ಅವರ ಬಗ್ಗೆ ಹೇಳುವವರು 'ಝಹ್ರಾ' ಎನ್ನುತ್ತಾರೆ, ಬೆಳಕಿನ ಹೊಳಪುಳ್ಳವಳು ಎಂದರ್ಥ. ನಮ್ಮ ಕಡೆಯ 'ಜೊಹರಾ' ಅದೇ ಮಾತು. ಆಕೆಗೆ ಇನ್ನೊಂದು ಬಿರುದು 'ಉಮ್ಮು ಅಬೀಹಾ', ತನ್ನ ತಂದೆಗೆ ತಾಯಿಯಾದವಳು. ಆ ಬೆಳಕಿಗಿಂತ ನನ್ನ ಕಣ್ಣಿಗೆ ಕಟ್ಟಿದ್ದು ಆಕೆಯ ಅಂಗೈ. ಬೀಸುಕಲ್ಲು ತಿರುವಿ ತಿರುವಿ ಕೈ ಬೊಬ್ಬೆಯೆದ್ದಿತ್ತು. ಯಾರೋ ಸೆರೆಯಾಳುಗಳು ಬಂದಿದ್ದಾರೆಂದು ಕೇಳಿ, ಮನೆಗೆಲಸಕ್ಕೆ ಒಬ್ಬರನ್ನು ಕೊಡಿ ಎನ್ನಲು ತಂದೆಯ ಮನೆಗೆ ಹೋದರು. ತಂದೆ ಮನೆಯಲ್ಲಿರಲಿಲ್ಲ. ವಿಷಯ ತಿಳಿದ ತಂದೆ ರಾತ್ರಿ, ಗಂಡಹೆಂಡತಿ ಮಲಗಿದ ಹೊತ್ತಿಗೆ ತಾವೇ ಬಂದರು. ಆಳನ್ನು ಕೊಡಲಿಲ್ಲ. ಅದಕ್ಕಿಂತ ಮೇಲಾದದ್ದು ಎಂದು ಮೂರು ಮಾತುಗಳ ಜಪ ಕೊಟ್ಟರು: ಸುಬ್ಹಾನಲ್ಲಾಹ್ 33 ಸಲ, ಅಲ್‌ಹಮ್ದುಲಿಲ್ಲಾಹ್ 33 ಸಲ, ಅಲ್ಲಾಹು ಅಕ್ಬರ್ 34 ಸಲ. ಇವತ್ತಿಗೂ ನಮಾಜಿನ ನಂತರ ಜಪಮಣಿ ಹಿಡಿದು ಕೂತ ಮುದುಕಿಯರು ಎಣಿಸುವುದು ಅದನ್ನೇ. ಅದರ ಹೆಸರು ತಸ್ಬೀಹೆ ಫಾತಿಮಾ.

ಈ ಪ್ರಸಂಗ ಓದಿದಾಗ ನನ್ನ ಅವ್ವ ನೆನಪಾದಳು. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಅವಳ ಅಂಗೈಯೂ ಹಾಗೇ ಗಟ್ಟಿಗಟ್ಟಿತ್ತು. ಬಿಜಾಪುರದ ಸೂಫಿಗಳಿಗೆ ಈ ಬೀಸುಕಲ್ಲಿನ ಬೆಲೆ ಗೊತ್ತಿತ್ತು. ಹೆಣ್ಣುಮಕ್ಕಳು ಬೀಸುವಾಗ ಹಾಡಿಕೊಳ್ಳಲೆಂದು ದಖನಿ ಭಾಷೆಯಲ್ಲಿ 'ಚಕ್ಕಿನಾಮಾ'ಗಳು ಹುಟ್ಟಿದ್ದು ಆ ಪರಂಪರೆಯಲ್ಲಿ. ಕಲ್ಲಿನ ಗೂಟ, ಕಾಳು, ಹಿಟ್ಟು ಎಲ್ಲವೂ ಅಲ್ಲಿ ದೇವರ ಮಾತಿಗೆ ಉಪಮೆ. ಮದೀನದ ಆ ಬೀಸುಕಲ್ಲಿನ ಸದ್ದು ಸಾವಿರ ವರ್ಷದ ಮೇಲೆ ನಮ್ಮ ನಾಡಿನ ಅಡುಗೆಮನೆಯಲ್ಲಿ ಪದವಾಗಿ ಕೇಳಿತು ಎಂದು ನನಗೆ ಅನ್ನಿಸುತ್ತದೆ.

ತಂದೆ ತೀರಿಕೊಂಡ ಕೆಲವೇ ತಿಂಗಳಲ್ಲಿ, 632ರಲ್ಲೇ, ಫಾತಿಮಾ ಅವರೂ ಹೋದರು. ಕರ್ಬಲಾದಲ್ಲಿ ಮಗ ಹುಸೇನ್ ಮಡಿದದ್ದು 680ರಲ್ಲಿ. ನಡುವೆ 48 ವರ್ಷ. ಆದರೆ ನಮ್ಮ ಕಡೆಯ ಮೊಹರಂನಲ್ಲಿ ರಿವಾಯತ್ ಪದ ಹಾಡುವವರಿಗೆ ಈ ಲೆಕ್ಕ ಬೇಕಿಲ್ಲ. ಮುದಗಲ್ಲಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಜನಕ್ಕೆ ಫಾತಿಮಾ ಎಂದರೆ ಮಗನನ್ನು ಕಳೆದುಕೊಂಡ ತಾಯಿ, ಈಗಲೂ ಅಳುತ್ತಿರುವ ತಾಯಿ. ಪಂಜಾದ ಐದು ಬೆರಳಲ್ಲಿ ಒಂದು ಬೆರಳು ಆಕೆಯದು. ಅದೇ ಐದು ಬೆರಳಿನ ಕೈ ಮೊರಾಕೊ, ಅಲ್ಜೀರಿಯಾ, ಟ್ಯುನಿಷಿಯಾದ ಮನೆಬಾಗಿಲುಗಳ ಮೇಲೆ ದೃಷ್ಟಿ ತಾಕದಂತೆ ತೂಗುತ್ತದೆ. ಹೆಸರು 'ಫಾತಿಮಾಳ ಕೈ'. ಟರ್ಕಿಯ ಹಳ್ಳಿಗಳ ಸೂಲಗಿತ್ತಿಯರು ಕೆಲಸಕ್ಕೆ ಕೈ ಹಾಕುವ ಮೊದಲು ಇದು ನನ್ನ ಕೈಯಲ್ಲ, ಫಾತ್ಮಾ ತಾಯಿಯ ಕೈ ಎಂದು ಹೇಳಿಕೊಳ್ಳುತ್ತಾರೆ. ಬೊಬ್ಬೆಯೆದ್ದ ಆ ಅಂಗೈ ಎಲ್ಲೆಲ್ಲಿ ಹೋಯಿತು ನೋಡಿ.

ಪ್ರವಾದಿಯವರ ಕಾಲದ ಇನ್ನೊಬ್ಬ ಫಾತಿಮಾಳನ್ನು ಇಲ್ಲಿ ಬಿಡಲಾರೆ. ಖತ್ತಾಬ್ ಮಗಳು, ಮುಂದೆ ಖಲೀಫರಾದ ಉಮರರ ತಂಗಿ. ಅಣ್ಣನಿಗೆ ಗೊತ್ತಿಲ್ಲದಂತೆ ಗಂಡನೊಡನೆ ಮನೆಯಲ್ಲಿ ಕುರ್‌ಆನ್ ಓದಿಸಿಕೊಳ್ಳುತ್ತಿದ್ದಳು. ಕತ್ತಿ ಹಿಡಿದು ಹೊರಟ ಉಮರ್ ವಿಷಯ ತಿಳಿದು ಒಳನುಗ್ಗಿ ಹೊಡೆದರು. ತಂಗಿಯ ಮುಖದಲ್ಲಿ ರಕ್ತ ಕಂಡಿತು. ಹೌದು, ನಂಬಿದ್ದೇವೆ, ಏನು ಬೇಕೋ ಮಾಡು ಎಂದಳು. ರಕ್ತ ಕಂಡ ಅಣ್ಣನಿಗೆ ನಾಚಿಕೆಯಾಯಿತು. ಓದುತ್ತಿದ್ದ ಹಾಳೆ ಕೊಡು ಎಂದರು. ಮೊದಲು ಮೈ ತೊಳೆದುಕೊಂಡು ಬಾ ಎಂದಳು ತಂಗಿ. ಹೊಡೆಸಿಕೊಂಡವಳು ಹೊಡೆದವನಿಗೆ ಹಾಗೆ ಹೇಳಿದಳು, ಅವರು ತೊಳೆದುಕೊಂಡು ಬಂದರು. ಇಸ್ಲಾಮಿನ ಚರಿತ್ರೆಯ ದಿಕ್ಕು ಬದಲಿಸಿದ ಆ ಮತಾಂತರದ ಕತೆಯನ್ನು ಎಲ್ಲರೂ ಉಮರರ ಕತೆಯಾಗಿ ಹೇಳುತ್ತಾರೆ. ನನಗೆ ಅದು ತಂಗಿಯ ಕತೆ.

ರಾಜರ ಕಡೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. 909ರಿಂದ 1171ರವರೆಗೆ ಉತ್ತರ ಆಫ್ರಿಕ ಮತ್ತು ಈಜಿಪ್ಟನ್ನು ಆಳಿದ ವಂಶ ತನ್ನನ್ನು ಫಾತಿಮಿ ಎಂದು ಕರೆದುಕೊಂಡಿತು. ಕೈರೋ ನಗರ ಕಟ್ಟಿದವರು, ಅಲ್ ಅಝ್ಹರ್ ಮಸೀದಿ ಕಟ್ಟಿದವರು ಅವರೇ. ಆ ಮಸೀದಿಯ ಹೆಸರೂ 'ಝಹ್ರಾ'ದಿಂದಲೇ ಬಂದದ್ದೆಂದು ನಂಬಿಕೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪಾಠ ಹೇಳಿದ ಫಾತಿಮಾಗಳು. ಬ್ರಿಟನ್ನಿನಲ್ಲಿ ನೆಲೆಸಿರುವ ವಿದ್ವಾಂಸ ಮುಹಮ್ಮದ್ ಅಕ್ರಮ್ ನದ್ವಿ, ಹದೀಸ್ ಕಲಿಸಿದ ಹೆಂಗಸರ ಬಗ್ಗೆ ಒಂದು ಸಣ್ಣ ಪುಸ್ತಕ ಬರೆಯಲು ಹೊರಟವರು. ಕೆಲವೇ ಕೆಲವು ಹೆಸರು ಸಿಕ್ಕಾವು ಎಂದುಕೊಂಡಿದ್ದರು. ಸುಮಾರು ಹತ್ತು ಸಾವಿರ ಸಿಕ್ಕವು. ಅರಬಿಯಲ್ಲಿ 43 ಸಂಪುಟಗಳಾದವು. ಅಲ್ಲಿ ಬರುವ ಹೆಸರುಗಳಲ್ಲಿ ಒಂದು ಸಣ್ಣ ಸಾಲನ್ನು ಇಲ್ಲಿ ಹೇಳುತ್ತೇನೆ.

ತಬ್ರಾನಿ ಎಂಬ ಮಹಾ ಹದೀಸ್ ಸಂಗ್ರಾಹಕ ನೂರು ವರ್ಷ ಬದುಕಿ 971ರಲ್ಲಿ ಇಸ್ಫಹಾನಿನಲ್ಲಿ ತೀರಿಕೊಂಡ. ಆತನ ಶಿಷ್ಯನೊಬ್ಬನಿಂದ ಆ ಗ್ರಂಥಗಳನ್ನು ಕೇಳಿಸಿಕೊಂಡವಳು ಅದೇ ಊರಿನ ಫಾತಿಮಾ ಜೂಜ್‌ದಾನಿಯಾ. ಆಕೆ ತುಂಬು ವಯಸ್ಸಿನವಳಾಗಿದ್ದಾಗ ಒಬ್ಬ ಪಯಣಿಗ ತನ್ನ ಮಗಳನ್ನು ಕರೆತಂದ. ಆತ ಸ್ಪೇನಿನ ವಲೆನ್ಸಿಯಾದವನು, ಚೀನಾದವರೆಗೆ ಹೋಗಿಬಂದವನು, ಹೆಸರು ಸಅದ್ ಅಲ್ ಖೈರ್. ಮಗಳ ಹೆಸರೂ ಫಾತಿಮಾ. ತೀರಾ ಎಳೆಯ ಮಗು. ಹಿರಿಯ ಗುರುವಿನ ಮಾತು ಕಿವಿಗೆ ಬೀಳಲಿ, ಮುಂದೆ ಈ ಮಗು ಮುದುಕಿಯಾದಾಗ ಗುರುಪರಂಪರೆಯ ಸರಪಳಿ ಚಿಕ್ಕದಾಗಲಿ ಎಂದು ಹಾಗೆ ಕೂಸುಗಳನ್ನು ಪಾಠದ ಸಭೆಗೆ ಕರೆದೊಯ್ಯುವ ರೂಢಿ ಆಗ ಇತ್ತು. ಜೂಜ್‌ದಾನಿಯಾ 1130ರಲ್ಲಿ ಹೋದಳು. ಆ ಮಗು ದೊಡ್ಡವಳಾಗಿ, ದಮಾಸ್ಕಸ್ಸಿನಲ್ಲೂ ಕೈರೋದಲ್ಲೂ ಪಾಠ ಹೇಳಿ, ಹಿಜರಿ 600ರಲ್ಲಿ ಕೈರೋದಲ್ಲೇ ತೀರಿಕೊಂಡಳು. ಹತ್ತನೇ ಶತಮಾನದ ತಬ್ರಾನಿಗೂ ಹದಿಮೂರನೇ ಶತಮಾನದ ಹೊಸ್ತಿಲಲ್ಲಿ ಕೈರೋದ ಆ ಮನೆಯಲ್ಲಿ ಕೂತ ಹುಡುಗರಿಗೂ ನಡುವೆ ಕೊಂಡಿಯಾಗಿ ನಿಂತ ಮೂವರಲ್ಲಿ ಇಬ್ಬರು ಫಾತಿಮಾ. ಎಳೆಗೂಸನ್ನು ತಾಯಿಯ ಮಡಿಲಿನಿಂದ ವಿದ್ಯೆಯ ಕಡೆಗೆ ದಾಟಿಸಿದ ಆ ಮುದುಕಿಗೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ.

ಸಮರ್‌ಖಂದದ ಫಾತಿಮಾಳ ಕತೆಯನ್ನು ನಾನು ನಮ್ಮ ಮನೆಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಹೇಳಿದ್ದೇನೆ. ಹನ್ನೆರಡನೇ ಶತಮಾನ. ಅಂದರೆ ಕಲ್ಯಾಣದಲ್ಲಿ ಅಕ್ಕಮಹಾದೇವಿ ಅನುಭವ ಮಂಟಪದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ ಕಾಲ. ಈಕೆಯ ತಂದೆ ಅಲಾವುದ್ದೀನ್ ಸಮರ್‌ಖಂದಿ ದೊಡ್ಡ ನ್ಯಾಯಶಾಸ್ತ್ರಜ್ಞ, 'ತುಹ್ಫತುಲ್ ಫುಕಹಾ' ಎಂಬ ಗ್ರಂಥ ಬರೆದವರು. ಮಗಳು ಆ ಗ್ರಂಥವನ್ನು ಬಾಯಿಪಾಠ ಮಾಡಿದ್ದಳು. ಊರಿಗೆ ಫತ್ವಾ ಹೋಗುವಾಗ ಅದರ ಕೆಳಗೆ ತಂದೆಯ ಸಹಿಯ ಜೊತೆ ಮಗಳ ಸಹಿಯೂ ಇರುತ್ತಿತ್ತು. ಅರಸರು ಹೆಣ್ಣು ಕೇಳಿ ಬಂದರು, ತಂದೆ ಒಪ್ಪಲಿಲ್ಲ. ಕಾಸಾನಿ ಎಂಬ ಶಿಷ್ಯ ಗುರುವಿನ ಆ ಗ್ರಂಥಕ್ಕೆ ದೊಡ್ಡದೊಂದು ವ್ಯಾಖ್ಯಾನ ಬರೆದು ತಂದ. ಆ ವ್ಯಾಖ್ಯಾನವೇ ವರ ವಧುವಿಗೆ ಕೊಡುವ ಮಹರ್ ಆಯಿತು. ಹಣವಲ್ಲ, ಚಿನ್ನವಲ್ಲ, ಒಂದು ಪುಸ್ತಕ. ಮದುವೆಯ ನಂತರ ಫತ್ವಾದ ಕೆಳಗೆ ಮೂರು ಸಹಿ ಬೀಳತೊಡಗಿದವು. ಗಂಡ ಎಡವಿದರೆ ಹೆಂಡತಿ ತಿದ್ದುತ್ತಿದ್ದಳು, ಗಂಡ ತಿದ್ದಿಕೊಳ್ಳುತ್ತಿದ್ದ.

ಇಬ್ಬರೂ ಸಿರಿಯಾದ ಅಲೆಪ್ಪೊ ನಗರಕ್ಕೆ ಬಂದು ನೆಲೆಸಿದರು. ಅಲ್ಲಿನ ಹಲಾವಿಯಾ ಮದರಸಾದಲ್ಲಿ ರಂಜಾನ್ ತಿಂಗಳಲ್ಲಿ ವಿದ್ಯಾರ್ಥಿಗಳಿಗೂ ಪಂಡಿತರಿಗೂ ಇಫ್ತಾರ್ ಊಟ ಹಾಕುವ ಪದ್ಧತಿ ಶುರುಮಾಡಿದವಳು ಈಕೆ. ಅದಕ್ಕೆಂದು ಕೈಯ ಬಳೆ ಮಾರಿದಳು. ಈಕೆ ತೀರಿಕೊಂಡ ಮೇಲೆ ಗಂಡ ಪ್ರತಿ ಶುಕ್ರವಾರದ ಹಿಂದಿನ ರಾತ್ರಿ ಗೋರಿಗೆ ಹೋಗಿ ಬರುತ್ತಿದ್ದ. 1191ರಲ್ಲಿ ಅವನೂ ಅದರ ಪಕ್ಕದಲ್ಲೇ ಮಲಗಿದ. ಕಾಸಾನಿ ಹನಫಿ ಪಂಥದ ಬಹು ದೊಡ್ಡ ಹೆಸರು. ಆದರೂ ಅಲೆಪ್ಪೊದ ಜನ ಆ ಜಾಗವನ್ನು ಕರೆದದ್ದು 'ಆ ಹೆಂಗಸು ಮತ್ತು ಅವಳ ಗಂಡನ ಗೋರಿ' ಎಂದು.

ಓದುತ್ತ ಹೋದಂತೆ, ಫಾತಿಮಾಗಳ ಗುರುತು ಕಲಸಿಬಿಡುವ ನನ್ನಂಥವರು ಮೊದಲೂ ಇದ್ದರು ಎಂಬುದೂ ತಿಳಿಯಿತು. ಒಂಬತ್ತನೇ ಶತಮಾನದಲ್ಲಿ ಖುರಾಸಾನಿನಲ್ಲಿ ಇಬ್ಬರು ಸೂಫಿ ಫಾತಿಮಾಗಳಿದ್ದರು. ನಿಶಾಪುರದವಳನ್ನು ಈಜಿಪ್ಟಿನ ಜುನ್ನೂನ್ ಮಿಸ್ರಿ ತನ್ನ ಗುರುವೆಂದು ಕರೆದ. ಬಲ್ಖ್‌ನವಳು ಅಹ್ಮದ್ ಖಿಜ್ರವಯ್ಹ್‌ನ ಹೆಂಡತಿ. ಹೆಸರಾಂತ ಸೂಫಿ ಬಾಯಜೀದ್ ಬಿಸ್ತಾಮಿಯೊಡನೆ ಮುಸುಕು ಸರಿಸಿ ಕೂತು ನಿರ್ಭಿಡೆಯಿಂದ ಮಾತಾಡುತ್ತಿದ್ದಳು. ಒಂದು ದಿನ ಬಾಯಜೀದ್ ಆಕೆಯ ಕೈಯ ಮದರಂಗಿ ಕಂಡು ಇದೇಕೆ ಎಂದು ಕೇಳಿದ. ನೀನು ನನ್ನ ಕೈಯನ್ನೂ ಮದರಂಗಿಯನ್ನೂ ಕಾಣದಷ್ಟು ದಿನ ನಿನ್ನ ಮುಂದೆ ನಿಶ್ಚಿಂತಳಾಗಿದ್ದೆ, ಈಗ ಕಂಡೆಯಲ್ಲ, ಇನ್ನು ನಮ್ಮ ಕೂಟ ಸಾಕು ಎಂದು ಎದ್ದಳು. ಅನೇಕ ಪುಸ್ತಕಗಳಲ್ಲಿ ಈ ಇಬ್ಬರೂ ಬೆರೆತು ಒಬ್ಬಳೇ ಆಗಿದ್ದಾಳೆ. ಒಬ್ಬಳ ಗಂಡ ಇನ್ನೊಬ್ಬಳಿಗೆ, ಒಬ್ಬಳ ಶಿಷ್ಯ ಮತ್ತೊಬ್ಬಳಿಗೆ. ಇಬ್ಬರು ಬಾಯಜೀದರಿದ್ದಿದ್ದರೆ ಇಷ್ಟು ಸುಲಭವಾಗಿ ಬೆರೆಸುತ್ತಿದ್ದರೇ ಎಂದು ನನಗೆ ಕೇಳಬೇಕೆನಿಸುತ್ತದೆ.

ಸ್ಪೇನಿನ ಸೆವಿಲ್ ಊರಿನಲ್ಲಿ ಮತ್ತೊಬ್ಬಳು. ಕಾರ್ಡೊಬಾದ ಫಾತಿಮಾ, ಇಬ್ನುಲ್ ಮುಸನ್ನಾನ ಮಗಳು. ತೊಂಬತ್ತು ದಾಟಿದ ವಯಸ್ಸು. ಜನ ಬಾಗಿಲಲ್ಲಿ ಬಿಟ್ಟ ಉಳಿದನ್ನ ಉಣ್ಣುತ್ತಿದ್ದಳು. ಆಕೆಯ ಸೇವೆಗೆ ನಿಂತ ತರುಣ ಮುಂದೆ ಸೂಫಿ ಲೋಕ ತಲೆಬಾಗಿದ ಇಬ್ನ್ ಅರಬಿ. ಆಕೆಗಾಗಿ ತನ್ನ ಕೈಯಾರೆ ಜೊಂಡುಹುಲ್ಲಿನ ಗುಡಿಸಲು ಕಟ್ಟಿದೆನೆಂದು ಅವನೇ ಬರೆದಿದ್ದಾನೆ. ಆ ವಯಸ್ಸಿನಲ್ಲೂ ಆಕೆಯ ಮುಖದ ಕೆಂಪು ನೋಡಿ ಕಣ್ಣೆತ್ತಲು ಸಂಕೋಚವಾಗುತ್ತಿತ್ತಂತೆ. ನಾನು ನಿನಗೆ ಆತ್ಮದ ತಾಯಿ ಎಂದು ಆಕೆ ಅವನಿಗೂ, ಅವನ ಹೆತ್ತ ತಾಯಿಗೂ ಹೇಳುತ್ತಿದ್ದಳು. ಇಬ್ನ್ ಅರಬಿಯ ಗ್ರಂಥಗಳಿಗೆ ಅಷ್ಟೊಂದು ಟೀಕೆಗಳಿವೆ. ಆ ಗುಡಿಸಲಿನ ಬಗ್ಗೆ ಅವನೇ ಬರೆದಿಟ್ಟಿರದಿದ್ದರೆ ಈ ಹೆಸರು ನಮಗೆ ಸಿಗುತ್ತಿರಲಿಲ್ಲ.

ಮೊರಾಕೊದ ಫೆಜ್ ನಗರದ ಕರವಿಯ್ಯಿನ್ ಮಸೀದಿಯ ಕತೆ ಈಗ ಎಲ್ಲರಿಗೂ ಗೊತ್ತು. ಕೈರವಾನ್ ಊರಿನಿಂದ ಬಂದ ಫಾತಿಮಾ ಅಲ್ ಫಿಹ್ರಿ, ತಂದೆಯ ಆಸ್ತಿಯನ್ನೆಲ್ಲ ಸುರಿದು 859ರಲ್ಲಿ ಅದನ್ನು ಕಟ್ಟಿಸಿದಳು, ಕೆಲಸ ಮುಗಿಯುವವರೆಗೂ ಉಪವಾಸ ಇದ್ದಳು, ಅದೇ ಮುಂದೆ ವಿಶ್ವವಿದ್ಯಾಲಯವಾಯಿತು ಎನ್ನುತ್ತಾರೆ. ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಕತೆಯನ್ನು ಬರೆದಿಟ್ಟವನು ಹದಿನಾಲ್ಕನೇ ಶತಮಾನದ ಇಬ್ನ್ ಅಬೀ ಜರ್. ಇಪ್ಪತ್ತನೇ ಶತಮಾನದ ದುರಸ್ತಿಯಲ್ಲಿ ಅಲ್ಲಿ ಸಿಕ್ಕ ಒಂದು ಶಾಸನ ದಾವೂದ್ ಬಿನ್ ಇದ್ರೀಸ್ ಎಂಬ ದೊರೆಮಗನ ಹೆಸರನ್ನೂ 877ರ ಕಾಲವನ್ನೂ ಹೇಳುತ್ತದೆ. ಹಾಗಾಗಿ ಕೆಲವು ಇತಿಹಾಸಕಾರರು ಫಾತಿಮಾಳನ್ನು ಒಪ್ಪುವುದಿಲ್ಲ. ಶಾಸನವನ್ನು ತಳ್ಳಿಹಾಕುವಷ್ಟು ವಿದ್ಯೆ ನನಗಿಲ್ಲ. ಆದರೆ ಅದೇ ಫೆಜ್ ನಗರದಲ್ಲಿ 1940ರಲ್ಲಿ ಹುಟ್ಟಿದ ಫಾತಿಮಾ ಮೆರ್ನಿಸ್ಸಿಯ ಬಗ್ಗೆ ಯಾರಿಗೂ ಸಂಶಯವಿಲ್ಲ. ಹರೇಮಿನ ಅಂಗಳದಲ್ಲಿ ಬೆಳೆದ ಹುಡುಗಿ ಸಮಾಜಶಾಸ್ತ್ರಜ್ಞೆಯಾದಳು. ಮುಸ್ಲಿಮ್ ನಾಡುಗಳನ್ನು ಹೆಣ್ಣು ಆಳಿದ್ದೇ ಇಲ್ಲ ಎಂಬ ಮಾತು ಕೇಳಿ, ಹಳೆಯ ನಾಣ್ಯಗಳಲ್ಲಿ, ಮಸೀದಿಯ ಶುಕ್ರವಾರದ ಪ್ರವಚನವಾದ ಖುತ್ಬಾಗಳಲ್ಲಿ ಹುಡುಕಿ ಆಳಿದ ರಾಣಿಯರ ಪಟ್ಟಿಯನ್ನೇ ಎದುರಿಗಿಟ್ಟಳು. 2015ರಲ್ಲಿ ರಬಾತ್‌ನಲ್ಲಿ ತೀರಿಕೊಂಡಳು.

ಹೆಸರು ಊರೂರಿಗೆ ಹೋಗಿ ವೇಷ ಬದಲಿಸಿದೆ. ಟರ್ಕಿಯಲ್ಲಿ ಫಾತ್ಮಾ, ಸೊಮಾಲಿಯಾದಲ್ಲಿ ಫಾದುಮೊ, ಸೆನೆಗಲ್ಲಿನಲ್ಲಿ ಫಾತೂ, ಮಾಲಿಯಲ್ಲಿ ಫಾತೂಮಾತಾ, ದಾಗೆಸ್ತಾನದಲ್ಲಿ ಪಾತಿಮಾತ್, ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ, ಬಶೀರರ ಮಲಯಾಳಂ ಕತೆಯಲ್ಲಿ ಪಾತುಮ್ಮ. ಅಲ್ಜೀರಿಯಾದ ಕಬೀಲಿಯಾ ಬೆಟ್ಟಗಳಲ್ಲಿ ಅದು ಫಾಧ್ಮಾ. ಅಲ್ಲಿ 1850ರ ದಶಕದಲ್ಲಿ ಫ್ರೆಂಚ್ ಸೇನೆಯ ವಿರುದ್ಧ ಜನರನ್ನು ಒಟ್ಟುಗೂಡಿಸಿದವಳು ಲಲ್ಲಾ ಫಾಧ್ಮಾ ನ್ಸೂಮರ್. 1857ರಲ್ಲಿ ಸೆರೆಸಿಕ್ಕಳು, 1863ರಲ್ಲಿ ಸತ್ತಳು, ಇನ್ನೂ ಮೂವತ್ತರ ಆಸುಪಾಸು. ಆ ನಾಡನ್ನು ಗೆದ್ದ ಫ್ರೆಂಚರು ಮುಂದೆ ತಮ್ಮ ಮನೆಗಳಲ್ಲಿ ಕಸ ಗುಡಿಸುವ, ಬಟ್ಟೆ ಒಗೆಯುವ ಅಲ್ಜೀರಿಯಾದ ಹೆಂಗಸರನ್ನೆಲ್ಲ ಒಂದೇ ಹೆಸರಿನಿಂದ ಕರೆದರು: ಫಾತ್ಮಾ. ಅವಳು ಜೈನಬಳಾಗಿರಲಿ, ಖದೀಜಾ ಆಗಿರಲಿ, ಕೆಲಸದವಳು ಎಂದರೆ ಫಾತ್ಮಾ. ಆ ಭಾಷೆಯಲ್ಲಿ ಅದು ನಾಮಪದವೇ ಆಗಿಬಿಟ್ಟಿತು. ಇದನ್ನು ಓದಿದ ರಾತ್ರಿ ನನ್ನ ಹಾಜರಿ ಪುಸ್ತಕ ನೆನಪಾಗಿ ನಿದ್ದೆ ಬರಲಿಲ್ಲ. ನಾನು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೂ ಮಾಡಿದ್ದು ಅದೇ ಜಾತಿಯ ಕೆಲಸ.

ಹೆಸರು ಧರ್ಮವನ್ನೂ ದಾಟಿದೆ. ಪೋರ್ಚುಗಲ್ಲಿನಲ್ಲಿ ಮೂರ್ ಮುಸ್ಲಿಮರ ಆಳ್ವಿಕೆಯ ನೆನಪಾಗಿ ಉಳಿದ ಫಾತಿಮಾ ಎಂಬ ಹಳ್ಳಿ ಇದೆ. ಮೂರ್ ರಾಜಕುಮಾರಿಯೊಬ್ಬಳ ಹೆಸರು ಅದು ಎಂದು ಐತಿಹ್ಯ. 1917ರ ಮೇ 13ರಂದು ಅಲ್ಲಿ ಕುರಿ ಕಾಯುತ್ತಿದ್ದ ಮೂವರು ಮಕ್ಕಳು ತಮಗೆ ಮರಿಯಮ್ಮ ದರ್ಶನ ಕೊಟ್ಟಳೆಂದರು. ಅಂದಿನಿಂದ ಮಾತೆ ಮರಿಯಮ್ಮನಿಗೆ ಫಾತಿಮಾ ಮಾತೆ ಎಂಬ ಹೆಸರು ಬಂತು, ಜಗತ್ತಿನ ಕ್ಯಾಥೊಲಿಕ್ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರಿಡತೊಡಗಿದರು. ಮಂಗಳೂರಿನಲ್ಲಿ ಜೆಸುಯಿಟ್ ಪಾದ್ರಿಗಳ ಫಾತಿಮಾ ರಿಟ್ರೀಟ್ ಹೌಸ್ ಇದೆ. ಆ ಕಡೆಯಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬಳು ಕೊಂಕಣಿ ಮಾತಾಡುವ, ಜಪಸರ ಹಿಡಿದ ಫಾತಿಮಾ. ರಂಜಾನ್ ಬಂದಾಗ ನಮ್ಮ ಶಾಲೆಯ ಮುಸ್ಲಿಮ್ ಮಕ್ಕಳು ಆಕೆಗೆ ಮೊದಲು ಖರ್ಜೂರ ಕೊಟ್ಟರು. ನಾನು ನಿಮ್ಮವಳಲ್ಲ ಎಂದು ಆಕೆ ಹೇಳಲಿಲ್ಲ, ಖರ್ಜೂರ ತಿಂದು ಕ್ರಿಸ್ಮಸ್ಸಿಗೆ ಕುಸ್ವಾರ್ ತಂದು ಹಂಚಿದಳು.

ಆ ಎಂಟನೇ ತರಗತಿಯನ್ನು ನಾವು ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಗುಂಬಜ್‌ನ ಒಳಗೆ ಮೂರು ಗೋರಿಗಳು. ಮಾರ್ಗದರ್ಶಿ ಬೆರಳು ತೋರಿಸುತ್ತ ಹೇಳಿದ: ಹೈದರಾಲಿ, ಟಿಪ್ಪು ಸುಲ್ತಾನ್, ಟಿಪ್ಪುವಿನ ತಾಯಿ. ಐವರಲ್ಲಿ ಒಬ್ಬಳು, ಯಾರೆಂದು ನೆನಪಿಲ್ಲ, "ಆಕೀ ಹೆಸರೇನ್ರಿ?" ಎಂದು ಕೇಳಿದಳು. ಅವನು ಟಿಪ್ಪುವಿನ ತಾಯಿ ಎಂದು ಮತ್ತೊಮ್ಮೆ ಹೇಳಿ ಮುಂದೆ ಹೋದ. ಮಗು ನನ್ನ ಮುಖ ನೋಡಿತು. ನನಗೂ ಗೊತ್ತಿರಲಿಲ್ಲ. ಹೊತ್ತಾಯಿತು ನಡೀರಿ ಎಂದೆ.

ಕಡಪಾದ ಅಧಿಕಾರಿ ಮೀರ್ ಮುಈನುದ್ದೀನರ ಮಗಳು, ಹೈದರಾಲಿಯ ಹೆಂಡತಿ, ಟಿಪ್ಪುವಿನ ತಾಯಿ. ಹೆಸರು ಫಾತಿಮಾ ಫಖ್ರುನ್ನಿಸಾ. ಇದು ನನಗೆ ತಿಳಿದದ್ದು ಹೋದ ವರ್ಷ. ತನ್ನದೇ ಹೆಸರಿನ ಹೆಂಗಸಿನ ಗೋರಿಯ ಮುಂದೆ ನಿಂತು ಆ ಹುಡುಗಿ ಹೆಸರು ಕೇಳಿದಳು, ಉತ್ತರ ಸಿಗದೆ ಬಸ್ಸು ಹತ್ತಿದಳು.

ಕೇರಳದ ಪತ್ತನಂತಿಟ್ಟದಲ್ಲಿ 1927ರಲ್ಲಿ ಹುಟ್ಟಿದ ಎಂ. ಫಾತಿಮಾ ಬೀವಿಯವರ ಬಗ್ಗೆಯೂ ನಾನು ಆ ಮಕ್ಕಳಿಗೆ ಹೇಳಬಹುದಿತ್ತು. 1950ರಲ್ಲಿ ಕೊಲ್ಲಂನಲ್ಲಿ ವಕೀಲಿ ಶುರು, 1958ರಲ್ಲಿ ಮುನ್ಸೀಫ್, 1983ರಲ್ಲಿ ಕೇರಳ ಹೈಕೋರ್ಟ್. 1989ರ ಅಕ್ಟೋಬರ್ 6ರಂದು ಅವರು ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಪೀಠ ಏರಿದಾಗ ಆ ನ್ಯಾಯಾಲಯ ಹುಟ್ಟಿ 39 ವರ್ಷವಾಗಿತ್ತು, ಅಲ್ಲಿ ಒಬ್ಬ ಹೆಣ್ಣೂ ಕೂತಿರಲಿಲ್ಲ. ನನ್ನ ಐವರು ಫಾತಿಮಾಗಳಲ್ಲಿ ಇಬ್ಬರು ಹತ್ತನೇ ತರಗತಿಗೆ ಮೊದಲೇ ಶಾಲೆ ಬಿಟ್ಟರು. ನವೆಂಬರ್ 2023ರಲ್ಲಿ ಫಾತಿಮಾ ಬೀವಿಯವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ಆ ಇಬ್ಬರ ಮುಖ ನೆನಪಿಗೆ ಬಂತು. ಹೆಸರಿನ ಜಾಗದಲ್ಲಿ ನಂಬರು ಬಂತು.

ಈಗ ಆ ಶಾಲೆಗೆ ಹೋಗಿ, ಗುಮಾಸ್ತರನ್ನು ಕೇಳಿ, ಹಳೆಯ ದಾಖಲಾತಿ ಪುಸ್ತಕ ತೆಗೆಸಿ ಐವರ ಪೂರ್ತಿ ಹೆಸರು, ಊರು, ತಾಯಿಯ ಹೆಸರು ಬರೆದುಕೊಂಡಿದ್ದೇನೆ. ಮೂವರು ಸಿಕ್ಕಿದ್ದಾರೆ. ಬಸ್ ನಿಲ್ದಾಣದಲ್ಲಿ ಕಂಡವಳು ಫಾತಿಮಾ ಜೊಹರಾ. ಅವಳ ಕೂಸು ಹಾಲು ಬಿಟ್ಟು ಈಗ ರೊಟ್ಟಿ ತಿನ್ನುತ್ತಿದೆ.

ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುವ ಅಕ್ಕಾರೇ, ಮೇಷ್ಟ್ರೇ, ನಿಮ್ಮ ತರಗತಿಯಲ್ಲೂ ಮೂವರೋ ನಾಲ್ವರೋ ಫಾತಿಮಾಗಳು ಇದ್ದೇ ಇರುತ್ತಾರೆ. ಒಬ್ಬೊಬ್ಬರನ್ನೂ ಹತ್ತಿರ ಕರೆದು ಪೂರ್ತಿ ಹೆಸರು ಕೇಳಿ, ಮನೆಯಲ್ಲಿ ಏನೆಂದು ಕರೆಯುತ್ತಾರೆಂದು ಕೇಳಿ, ತಾಯಿಯ ಹೆಸರು ಕೇಳಿ. ದಿನವೂ ಹಾಗೇ ಕೂಗಿ.